ಸಾವ್ಕಾರರ ನಾಯಿಯ ಗಂಡಸ್ತನ

ಸೊಲ್ಲಾಪುರದ ನಮ್ಮ ಓಣಿಯಲ್ಲಿ ಚಾದರ ಮಾರುವ ಸಾವ್ಕಾರರೊಬ್ಬರಿದ್ದರು. ಅವರ ಗಂಡುನಾಯಿ ಬಂದವರ ಕಾಲು ತಬ್ಬಿ ಸೊಂಟ ಆಡಿಸತೊಡಗಿದರೆ, ಬಿಡಿಸುವುದನ್ನು ಬಿಟ್ಟು ಮೀಸೆ ಸವರುತ್ತ, "ಗಂಡಸ ಅದಾನ್ರಿ, ಗಂಡಸ!" ಎಂದು ನಗುತ್ತಿದ್ದರು. ಹೊಗಳಿಕೆ ತಮಗೇ ಸಲ್ಲಬೇಕೆಂಬಂತೆ ಎಲ್ಲರ ಮುಖ ನೋಡುತ್ತಿದ್ದರು. ನಮ್ಮ ಅತ್ತೆಯ ಸೀರೆ ಹರಿದಾಗಲೂ ಅದೇ ಮಾತು.

ಆಮೇಲೆ ಅಕ್ಕಲಕೋಟದಿಂದ ಒಂದು ಹೆಣ್ಣುನಾಯಿ ತಂದರು. ಮನೆ ತುಂಬ ಬೀಗರು ನೆರೆದಿದ್ದ ದಿನ, ಗದ್ದಲಕ್ಕೆ ಹುರುಪೇರಿದ ಅದು ಗಂಡುನಾಯಿಯ ಬೆನ್ನನ್ನೇ ಏರಿತು. ಬೀಗರೆಲ್ಲ ಹೊಟ್ಟೆ ಹಿಡಿದು ನಕ್ಕರು. ಸಾವ್ಕಾರರು ಮುಖ ಕಪ್ಪು ಮಾಡಿಕೊಂಡು ಚಪ್ಪಲಿ ಎತ್ತಿದರು.

ಅವರ ಹೆಂಡತಿ ಅಡ್ಡ ಬಂದರು. "ಹೊಡೀಬ್ಯಾಡ್ರಿ. ಮಂದಿ ಕೂಡಿದ್ರ ಅವಕ್ಕ ಹಿಂಗ ಆಗತೈತಿ, ಗಂಡಿಗೂ ಹೆಣ್ಣಿಗೂ. ಡಾಕ್ಟರ್ ಹೇಳ್ಯಾರ." ಹೆಣ್ಣುನಾಯಿಯನ್ನು ಹತ್ತಿರ ಕರೆದು, ಕೂಡಿಸಿ, ಜೋಳದ ಭಕ್ಕರಿಯ ತುಣುಕು ಕೊಟ್ಟರು. ಅದು ಬಾಲ ಆಡಿಸುತ್ತ ತಣ್ಣಗೆ ಕೂತಿತು.

ತಣ್ಣಗಾಗದವರು ಸಾವ್ಕಾರರೊಬ್ಬರೇ. ಸಂಜೆ ಅದನ್ನು ಕಾರಿಗೆ ಹಾಕಿಕೊಂಡು ಹೋಗಿ ಮಂದ್ರೂಪದ ಗೆಳೆಯರ ಕಬ್ಬಿನ ಹೊಲದಲ್ಲಿ ಬಿಟ್ಟು ಬಂದರು. ಮರುದಿನ ಹೆಂಡತಿ ಯಾರನ್ನೂ ಕೇಳದೆ ರಿಕ್ಷಾ ಮಾಡಿಕೊಂಡು ಹೋಗಿ ಅದನ್ನು ತಿರುಗಿ ತಂದರು. ಓಣಿಯ ಮಂದಿ ನೋಡುತ್ತಿದ್ದಂತೆ ಸಾವ್ಕಾರರು ಬಾಗಿಲಿಗೆ ಬಂದು, "ನಾನ ಹೇಳಿ ಕಳಿಸಿದ್ದೆ" ಎಂದರು.