ನರ್ಸಬಾಯಿ ಕರಿದ ಚಿಚರೋನ್

ಹುಮನಾಬಾದಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದ ನರ್ಸಬಾಯಿ ಹಂದಿಯ ತೊಗಲನ್ನು ಬೇಯಿಸಿ, ಒಣಗಿಸಿ, ಕಾದ ಎಣ್ಣೆಗೆ ಬಿಡುತ್ತಿದ್ದರು. ಅದು ಸಂಡಿಗೆಯಂತೆ ಅರಳುತ್ತಿತ್ತು. ಅವರು ಹಿಂದೆ ಕೆಲಸ ಮಾಡುತ್ತಿದ್ದ ಸಿಂಗಪುರದ ಆಸ್ಪತ್ರೆಯಲ್ಲಿ ಜೊತೆಗಿದ್ದ ಫಿಲಿಪೀನ್ಸಿನ ಗೆಳತಿ ಕಲಿಸಿದ ಚಿಚರೋನ್ ಅದು. ಒಂದು ತುಣುಕನ್ನು ನನ್ನ ಕಿವಿಯ ಹತ್ತಿರ ಹಿಡಿದು ಪಟ್ಟೆಂದು ಮುರಿಯುತ್ತಿದ್ದರು.

“ಮೊದಲ ಸಪ್ಪಳ ಕೇಳ್ರಿ ಅಕ್ಕಾ, ಆಮ್ಯಾಲ ತಿನ್ರಿ.”

ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಹಾಕಿದ ವಿನೆಗರಿನಲ್ಲಿ ಅದ್ದಿ ತಿನ್ನಲು ಕೂತರೆ ಬಟ್ಟಲು ಬರಿದಾಗುವವರೆಗೂ ನಾನು ಏಳುತ್ತಿರಲಿಲ್ಲ.

ಒಂದು ದಿನ ವಾಸನೆ ಹಿಡಿದು ಅವರ ಮನೆಮಾಲೀಕರು ಬಂದರು. ದಿನಾ ಬೆಳಿಗ್ಗೆ ಅವರಿಗೆ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಚುಚ್ಚುತ್ತಿದ್ದವರು ಈ ನರ್ಸಬಾಯಿಯೇ.

“ನನ್ನ ಮನ್ಯಾಗ ಹಂದಿ ಕರಿಯಾಕತ್ತೀರೇನು? ನಾಳಿನೇ ಮನಿ ಖಾಲಿ ಮಾಡ್ರಿ!”

“ಮಾಡ್ತೀನ್ರಿ ಕಾಕಾ. ಮುಂಜಾನಿ ನಿಮಗ ಸೂಜಿ ಚುಚ್ಚಿದ್ದೂ ಇದೇ ಕೈ. ಆವಾಗ ಯಾಕ ಹೇಸಿಕಿ ಬರಲಿಲ್ಲ?”

“ಅದು ಇಲಾಜ್, ದವಾಖಾನಿ ಕೆಲಸ. ಅದರ ಮಾತ ಬ್ಯಾರೆ.”

ಎಂಥ ಮಾತು! ಇಂದಿಗೂ ನೆನೆದರೆ ಮೈ ಉರಿಯುತ್ತದೆ. ನರ್ಸಬಾಯಿ ಅಂದೇ ಸಾಮಾನು ಕಟ್ಟಿ ಬಸವಕಲ್ಯಾಣಕ್ಕೆ ಹೋಗಿಬಿಟ್ಟರು.

ಮರುದಿನ ಬೆಳಿಗ್ಗೆ ಮಾಲೀಕರು ಇಂಜೆಕ್ಷನ್ ಡಬ್ಬಿ ಹಿಡಿದು ನಮ್ಮ ಬಾಗಿಲಿಗೆ ಬಂದು ನಿಂತರು.

“ತಂಗಿ, ಕಲ್ಯಾಣದ ಬಸ್ ಎಷ್ಟಕ್ಕ ಐತಿ?”

ನನಗೆ ಗೊತ್ತಿತ್ತು. ಹೇಳಲಿಲ್ಲ.