ಕೋಳಿ ದೊರೆಯ ಊರೂ ಮುಳುಗಿತ್ತು

ಅವರ ಪಾದಕ್ಕಾಗುವ ಚಪ್ಪಲಿ ಸಾಗರದ ಯಾವ ಅಂಗಡಿಯಲ್ಲೂ ಇರಲಿಲ್ಲ. ಕೊನೆಗೆ ಬಸ್ ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಹೊಲಿಯುವವನು ಲಾರಿಯ ಟಯರು ಕೊಯ್ದು ಒಂದು ಜೊತೆ ಮಾಡಿಕೊಟ್ಟ. ಅದನ್ನು ಮೆಟ್ಟಿಕೊಂಡು ಅವರು ಗದ್ದೆಯ ಬದುವಿನ ಮೇಲೆ ಬಂದರೆ ಹಿಂದೆ ಲಾರಿ ಹೋದ ಗುರುತೇ ಬೀಳುತ್ತಿತ್ತು. ಮುಖದ ತುಂಬ ರಾಗಿ ಚೆಲ್ಲಿದ ಹಾಗೆ ಕಂದು ಚುಕ್ಕಿ, ಬಿಸಿಲಿಗೆ ಸಿಪ್ಪೆ ಏಳುವ ಕೆಂಪು ಮೂಗು. ಕೋಳಿ ಸಾಕುವುದನ್ನು ಕಲಿಸಲು ಅಮೆರಿಕದಿಂದ ಬಂದವರು. ಊರವರು ಅವರಿಗೆ ಇಟ್ಟ ಹೆಸರು ಕೋಳಿ ದೊರೆ.

ನಮ್ಮೂರಲ್ಲಿ ಅರ್ಧ ಜನ ಮೊಟ್ಟೆ ಮುಟ್ಟುತ್ತಿರಲಿಲ್ಲ. ಸಾಲದ್ದಕ್ಕೆ ಊರೇ ಮುಳುಗುವುದರಲ್ಲಿತ್ತು. ಲಿಂಗನಮಕ್ಕಿಯಲ್ಲಿ ಶರಾವತಿಗೆ ಅಡ್ಡ ಕಟ್ಟೆ ಎದ್ದು ನಿಂತಿತ್ತು. ಹೊಸನಗರ ಸೀಮೆಯ ನಮ್ಮ ಗದ್ದೆ ಮನೆಗಳೆಲ್ಲ ನೀರಿನಡಿ ಹೋಗುವುದು ಖಾತ್ರಿಯಾಗಿತ್ತು. ಅಂಥ ಊರಿಗೆ ಕೋಳಿಗೂಡು ಕಟ್ಟಿಸಲು ಮನುಷ್ಯನನ್ನು ಕಳಿಸಿದ ಪುಣ್ಯಾತ್ಮ ಯಾರೋ, ನನಗೆ ಇವತ್ತಿಗೂ ತಿಳಿಯದು.

ನಾನಾಗ ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿ ಕೂತಿದ್ದೆ. ಅಪ್ಪ ತೀರಿಹೋಗಿದ್ದರು. ಅಮ್ಮ, ಅಣ್ಣ, ನಾನು, ಮತ್ತೆ ಜಗಲಿಯ ಪಕ್ಕದ ಕೋಣೆಯಲ್ಲಿ ಈ ದೊರೆ. ಅವರು ಎಲ್ಲಿಯೋ ಪುಸ್ತಕದಿಂದ ಕನ್ನಡ ಕಲಿತು ಬಂದಿದ್ದರು. ಗಂಜಿ ಬೇಕಾ ಎಂದು ಕೇಳಿದರೆ, "ದಯವಿಟ್ಟು ಸ್ವಲ್ಪ ಬಡಿಸಿರಿ, ತಾಯಿಯವರೇ" ಎನ್ನುತ್ತಿದ್ದರು. ಅಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡು ಎರಡು ಸೌಟು ಜಾಸ್ತಿ ಬಡಿಸುತ್ತಿದ್ದಳು. ಅಪ್ಪ ಹೋದ ಮೇಲೆ ಅವಳು ನಕ್ಕಿದ್ದನ್ನು ನಾನು ನೋಡಿದ್ದು ಆಗಲೇ.

ಸಂಜೆ ಹೊತ್ತು ಅವರು ಅಂಗಳದಲ್ಲಿ ಇದ್ದಿಲಿನಿಂದ ತಮ್ಮ ಕೌಂಟಿಯ ನಕ್ಷೆ ಬರೆಯುವರು. ಕೌಂಟಿ ಅಂದರೆ ನಮ್ಮ ತಾಲೂಕು ಇದ್ದ ಹಾಗೆ. ಎರಡು ಗುಡ್ಡಸಾಲು, ನಡುವೆ ಒಂದು ಹೊಳೆ, ಹೊಳೆಯ ಪಕ್ಕ ಜೋಳದ ಹೊಲ, ಹೊಗೆಸೊಪ್ಪು ಒಣಗಿಸುವ ಕೊಟ್ಟಿಗೆ, ಗುಡ್ಡದ ಮೇಲೆ ಚರ್ಚು, ಅದರ ಹಿಂದೆ ಸಮಾಧಿಗಳು. ಅಮೆರಿಕದಲ್ಲೂ ಬಡವರಿದ್ದಾರೆ, ಬರಿಗಾಲಲ್ಲಿ ಶಾಲೆಗೆ ಹೋಗುತ್ತಾರೆ ಅಂದರೆ ಅಣ್ಣ ನಂಬಲೇ ಇಲ್ಲ. ದೊರೆಯ ಪೂರ್ವಿಕರು ಬರುವ ಮೊದಲು ಅಲ್ಲಿ ಬೇರೆ ಜನ ಇದ್ದರಂತೆ. ಸರ್ಕಾರ ಅವರನ್ನು ಹೊಡೆದೋಡಿಸಿತಂತೆ. ಆಮೇಲೆ ಅದೇ ಸರ್ಕಾರ ಹೊಳೆಗೆ ಕಟ್ಟೆ ಕಟ್ಟಿ ಇವರನ್ನೂ ಎಬ್ಬಿಸಿತಂತೆ. ದೊರೆ ಆಗ ಸಣ್ಣ ಕೂಸು. ಇಷ್ಟು ಹೇಳಿ ಅವರು ಅಂಗೈಯಿಂದ ನಕ್ಷೆ ಒರೆಸಿಬಿಡುತ್ತಿದ್ದರು.

ಊರು ಖಾಲಿಯಾಗತೊಡಗಿತು. ಹೆಂಚು, ಬಾಗಿಲು, ಒರಳುಕಲ್ಲು ಎಲ್ಲ ಲಾರಿ ಹತ್ತಿದವು. ನಮಗೆ ಸಾಗರದ ಆಚೆ ಜಾಗ ಸಿಕ್ಕಿತ್ತು. ಅಮ್ಮ ಮಾತ್ರ ಕದಲಲಿಲ್ಲ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಹೂಳುತ್ತೇವೆ. ಅಪ್ಪನನ್ನು ಹೂತಿದ್ದು ಮನೆಯ ಮೇಲೆ ಉಳದೆ ಬಿಟ್ಟ ಕುರುಚಲು ಜಾಗದಲ್ಲಿ, ನಮ್ಮ ಹಕ್ಕಲಿನಲ್ಲಿ. "ಅವ್ರನ್ನ ಬಿಟ್ಟು ನಾ ಬರಲ್ಲ" ಎಂದು ಕೂತುಬಿಟ್ಟಳು. ಅಣ್ಣ ಬೈದ, ಅತ್ತ, ಊಟ ಬಿಟ್ಟ. ಕೆಳಗಿನ ಗದ್ದೆಗೆ ಆಗಲೇ ನೀರು ನುಗ್ಗಿತ್ತು.

ದೊರೆ ಅಮ್ಮನ ಮಾತನ್ನು ತಮ್ಮೂರಿನ ಹಾಗೆ ಅರ್ಥ ಮಾಡಿಕೊಂಡರು. ಕೋಳಿಗೂಡಿಗೆ ತಂದಿದ್ದ ಹಲಗೆಗಳನ್ನು ಹತ್ತರಿ ಹೊಡೆದು ನುಣ್ಣಗೆ ಮಾಡಿ ಒಂದು ಪೆಟ್ಟಿಗೆ ಮಾಡಿದರು. ಯಾಕೆಂದು ನಾವು ಕೇಳಲಿಲ್ಲ. ಒಂದು ಬೆಳಿಗ್ಗೆ ಹಕ್ಕಲಿನಿಂದ ಹಾರೆಯ ಸದ್ದು ಬಂತು. ಓಡಿ ಹೋಗಿ ನೋಡಿದರೆ, ಅಪ್ಪನ ಗುಂಡಿಯ ಮೇಲಿನ ಕಳೆಯನ್ನೆಲ್ಲ ಕಿತ್ತು ಒಪ್ಪ ಮಾಡಿ, ಈ ಪುಣ್ಯಾತ್ಮ ಮೊಣಕಾಲುದ್ದ ಅಗೆದಿದ್ದರು. ಪಕ್ಕದಲ್ಲಿ ಆ ಪೆಟ್ಟಿಗೆ. ಅದರೊಳಗೆ ಹಾಸಿದ್ದು ಅವರದೇ ಬಿಳಿ ಪಂಚೆ.

ಅಣ್ಣ ಅವರ ಕೊರಳಪಟ್ಟಿಗೆ ಕೈ ಹಾಕಿದ. ನನಗೂ ಮೈಯೆಲ್ಲ ಉರಿದುಹೋಯಿತು. ಅಮ್ಮ ಯಾರನ್ನೂ ನೋಡದೆ ಸೀದಾ ಗುಂಡಿಗಿಳಿದು ಕೂತಳು. ಅಗೆದ ಮಣ್ಣನ್ನು ಅಂಗೈಯಿಂದ ಸವರುತ್ತ ಕೇಳಿದಳು:

"ಮಲಗಿರೋರ್ನ ಎಬ್ಬಿಸ್ತಾರೇನಪ್ಪಾ? ಮಣ್ಣಿಗೆ ಕೊಟ್ಟಾದ್ಮೇಲೆ ಮುಗೀತು. ಅವ್ರು ಮಣ್ಣಿನೋರು."

ದೊರೆಯ ಮುಖ ಬಿಳಿಚಿಕೊಂಡಿತು. "ಕ್ಷಮಿಸಿರಿ, ತಾಯಿಯವರೇ. ನಮ್ಮ ಊರಿನಲ್ಲಿ ಬಿಟ್ಟು ಹೋಗುವುದೇ ಪಾಪ" ಎಂದರು.

ಆಮೇಲೆ, ಅಲ್ಲೇ ನಿಂತು, ತಡವರಿಸುತ್ತ, ಅದುವರೆಗೆ ಹೇಳದೆ ಉಳಿಸಿಕೊಂಡಿದ್ದನ್ನು ಹೇಳಿದರು. ಅವರ ಕೌಂಟಿಯಲ್ಲಿ ನೀರು ಬರುವ ಮೊದಲು ಸಮಾಧಿಗಳನ್ನೆಲ್ಲ ಅಗೆದು ಮೇಲಿನ ಗುಡ್ಡಕ್ಕೆ ಸಾಗಿಸಿದರಂತೆ. ಅವರ ಅಜ್ಜ ಒಬ್ಬರೇ ಹೆಂಡತಿಯ ಸಮಾಧಿ ಮುಟ್ಟಲು ಬಿಡಲಿಲ್ಲ. ಅಲ್ಲಿ ಚೈತ್ರದ ಹೊತ್ತಿಗೆ ಒಂದು ಭಾನುವಾರ ಎಲ್ಲರೂ ಸಮಾಧಿ ಗುಡಿಸಿ, ಹೂವಿಟ್ಟು, ಅಲ್ಲೇ ಕೂತು ಉಣ್ಣುವ ಪದ್ಧತಿ. ಆ ದಿನ ಊರವರು ಗುಡ್ಡ ಹತ್ತಿದರೆ ಅಜ್ಜ ದೋಣಿ ಹತ್ತುತ್ತಿದ್ದರು. ಅಂದಾಜಿನ ಮೇಲೆ ನಡುನೀರಿಗೆ ಹೋಗಿ ಹೂ ಬಿಟ್ಟು ಬರುತ್ತಿದ್ದರು. ಹೆಂಡತಿಯನ್ನು ಮುಳುಗಿಸಿದವನು ಎಂದು ಊರಿಗೆ ಊರೇ ಆಡಿಕೊಂಡಿತು. ಮೊಮ್ಮಗನಾದ ಈ ದೊರೆಯೂ ಅಜ್ಜನ ಹತ್ತಿರ ಮಾತು ಬಿಟ್ಟಿದ್ದರಂತೆ. ಮತ್ತೆ ಮಾತಾಡುವ ಮೊದಲೇ ಅಜ್ಜ ತೀರಿಕೊಂಡರಂತೆ.

ಅಮ್ಮ ಎದ್ದು ಸೀರೆಯ ಮಣ್ಣು ಕೊಡವಿಕೊಂಡಳು. "ನಿಮ್ಮಜ್ಜ ಸರಿಯಾಗೇ ಮಾಡಿದಾರೆ" ಎಂದಳು.

ಅಷ್ಟೇ. ಆರಡಿ ಆಳು ಹಾರೆ ಹಿಡಿದುಕೊಂಡೇ ಗೊಳೋ ಎಂದು ಅತ್ತುಬಿಟ್ಟರು. ಕೊರಳಪಟ್ಟಿ ಹಿಡಿದಿದ್ದ ಅಣ್ಣನೇ ಅವರ ಬೆನ್ನು ಸವರಿದ. ಆಮೇಲೆ ಎಲ್ಲರೂ ಸೇರಿ ಮಣ್ಣು ಮುಚ್ಚಿದೆವು. ಲಾರಿಗೆ ಹೇಳಿಕಳಿಸು ಎಂದು ಅಮ್ಮ ತಾನಾಗಿಯೇ ಅಣ್ಣನಿಗೆ ಹೇಳಿದಳು. ಪೆಟ್ಟಿಗೆಗೆ ನಮ್ಮ ತಾಮ್ರದ ಪಾತ್ರೆಗಳನ್ನು ತುಂಬಿದೆವು.

ಮರುವರ್ಷ ದೊರೆ ತಮ್ಮ ದೇಶಕ್ಕೆ ಹೊರಟರು. ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಅಷ್ಟು ಜನರ ನಡುವೆ ಅಮ್ಮನ ಕಾಲಿಗೆ ಬಿದ್ದರು. ಆಮೇಲೆ ಅವರ ಸುದ್ದಿಯಿಲ್ಲ.

ಆ ವರ್ಷ ಹಿರಿಯರ ಹಬ್ಬಕ್ಕೆ ಅಮ್ಮ ನಮ್ಮನ್ನು ಹಿನ್ನೀರಿಗೆ ಕರೆದೊಯ್ದಳು. ದೋಣಿ ಮಾಡಿಕೊಂಡು, ಎಲ್ಲಿ ಹಕ್ಕಲು, ಎಲ್ಲಿ ಮನೆ ಎಂದು ದೂರದ ಗುಡ್ಡ ನೋಡಿ ಅಂದಾಜು ಮಾಡಿ, ಬಾಳೆಯೆಲೆಯ ಮೇಲೆ ಅಪ್ಪನ ಎಡೆಯನ್ನು ನೀರಿಗೆ ಬಿಟ್ಟಳು. ಆಮೇಲೆ ಬುಟ್ಟಿಯಿಂದ ಇನ್ನೊಂದು ಎಡೆ ತೆಗೆದಳು. ಇದು ಯಾರಿಗೆ ಎಂದು ಕೇಳಿದೆ.

"ಆ ಅಜ್ಜ ಅಜ್ಜಿಗೆ. ಅಜ್ಜೀದೂ ನೀರಲ್ಲೇ ಅಲ್ದಾ? ಅಜ್ಜ ಹೋದ್ಮೇಲೆ ಅಲ್ಲೀಗ ಯಾರು ಹೋಗ್ತಾರೆ?"

ಬದುಕಿರುವವರೆಗೆ ಅಮ್ಮ ಅದನ್ನು ತಪ್ಪಿಸಲಿಲ್ಲ. ಈಗ ನಾನು ಹೋಗುತ್ತೇನೆ. ನನಗೂ ವಯಸ್ಸಾಯಿತು, ದೊರೆ ನನಗಿಂತ ದೊಡ್ಡವರು. ಅವರಿಗೂ ಒಂದು ಎಡೆ ಬಿಡಿ ಎಂದು ಸೊಸೆ ಹೇಳುತ್ತಾಳೆ. ಸತ್ತ ಸುದ್ದಿ ಕಿವಿಗೆ ಬೀಳದೆ ಎಡೆ ಇಡಬಾರದು ಎಂದು ಅವಳ ಬಾಯಿ ಮುಚ್ಚಿಸುತ್ತೇನೆ. ಅಪ್ಪನದೊಂದು, ಆ ಅಜ್ಜ ಅಜ್ಜಿಯದೊಂದು, ಎರಡೇ ಎಲೆ ಬಿಟ್ಟು, ದೋಣಿ ತಿರುಗಿಸು ಎಂದು ಅಂಬಿಗನಿಗೆ ಹೇಳುತ್ತೇನೆ.