ಸಾಹೇಬರನ್ನು ಬೀಳಿಸದ ಗೂಳಿ

ಪರದೆಯ ಮರೆಯಲ್ಲಿ ನಾವು ಮೂವರಿದ್ದೆವು: ಕರೆಂಟಿನಲ್ಲಿ ಕುಣಿಯುವ ರಬ್ಬರ್ ಗೂಳಿಯನ್ನು ಬಾಡಿಗೆಗೆ ತಂದ ಉಡುಪಿಯ ನವೀನ, ನಮ್ಮ ಕಂಪನಿಯ ಎಚ್ಆರ್ ಪಿಂಟೊ, ಮೈಕು ಹಿಡಿದ ನಾನು. ಗಲ್ಫಿನ ಅರ್ದಿಯಾದಲ್ಲಿರುವ ಕಂಪನಿಯ ಗೋದಾಮಿನ ಅಂಗಳದಲ್ಲಿ ಅಂದು ಫ್ಯಾಮಿಲಿ ಡೇ. ಗೂಳಿಯ ಮೇಲೆ ಹೆಚ್ಚು ಹೊತ್ತು ಕೂತವರಿಗೆ ಕಪ್.

"ಕಪ್ ಜಿಎಂ ಸಾಹೇಬರಿಗೇ ಹೋಗ್ಬೇಕು ಮಾರಾಯ. ಇಲ್ಲದಿದ್ರೆ ಬರುವ ವರ್ಷ ನಿನ್ನ ಆರ್ಡರ್ ಖಲಾಸ್" ಎಂದರು ಪಿಂಟೊ.

ಎಂಜಿನಿಯರುಗಳನ್ನೆಲ್ಲ ಕ್ಷಣದಲ್ಲಿ ಕೆಡವಿದ್ದ ಗೂಳಿ, ಸಾಹೇಬರು ಹತ್ತಿದೊಡನೆ ತೊಟ್ಟಿಲಾಯಿತು. ಅವರು ಒಂದು ನಿಮಿಷ ತೂಗಿಸಿಕೊಂಡು, ಟೋಪಿ ಬೀಸುತ್ತ ತಾವಾಗಿಯೇ ಇಳಿದರು.

ಅಷ್ಟರಲ್ಲಿ ಅವರ ಹೆಂಡತಿ ಸುಮಾ ಮೇಡಂ ದುಪಟ್ಟಾ ಸೊಂಟಕ್ಕೆ ಕಟ್ಟಿ ಹತ್ತಿಯೇ ಬಿಟ್ಟರು. ನವೀನ ವೇಗದ ಗುಂಡಿ ತಿರುಗಿಸಿಯೇ ತಿರುಗಿಸಿದ. ಗೂಳಿಗೆ ಹುಚ್ಚೆದ್ದಿತು. ಮೇಡಂ ಮಾತ್ರ ಜಪ್ಪಯ್ಯ ಎಂದರೂ ಬೀಳಲಿಲ್ಲ. ನಿಮಿಷ ತುಂಬುತ್ತ ಬಂತು.

"ಇವ್ರು ಬೀಳುದೇ ಇಲ್ಲ ಮಾರಾಯ್ರೆ, ಎಂತ ಮಾಡುದು?" ನವೀನ ಬೆವರಿದ.

ಪಿಂಟೊ ಬಗ್ಗಿ ಪ್ಲಗ್ಗನ್ನೇ ಕಿತ್ತರು. "ಕರೆಂಟ್ ಹೋಯ್ತು" ಎಂದು ನಾನು ಮೈಕಿನಲ್ಲಿ ಸಾರಿದೆ. ಊರಿನಲ್ಲಿ ಕರೆಂಟ್ ಹೋಗುವುದು ಅಭ್ಯಾಸವಿದ್ದ ನಮ್ಮವರು, ಹಾಗಾದರೆ ಮೈಕು ಹೇಗೆ ಮಾತಾಡುತ್ತಿದೆ ಎಂದು ಕೇಳದೆ, ಬಿರಿಯಾನಿಯತ್ತ ನಡೆದರು.

ಆಮೇಲೆ ಗೂಳಿಯನ್ನು ಪರದೆಯ ಹಿಂದಕ್ಕೆ ಎಳೆದು ತಂದೆವು. ಸಾಹೇಬರು ಕಪ್ ಹಿಡಿದು, ಅಧಿಕಾರಿಗೆ ಬೇಕಾದ ಸಮತೋಲನದ ಬಗ್ಗೆ ಭಾಷಣ ಶುರುಮಾಡಿದಾಗ, ಮೇಡಂ ಪರದೆ ಸರಿಸಿ ಒಳಬಂದರು. ಪ್ಲಗ್ಗನ್ನು ತಾವೇ ಸಿಕ್ಕಿಸಿ, "ಇನ್ನೊಂದ್ಸಲ ಹಾಕಪ್ಪ. ಅವರದ್ದು ಇನ್ನೂ ಅರ್ಧ ಗಂಟೆ ಇದೆ" ಎಂದರು. ಗೂಳಿ ಹತ್ತಿ ಮನಸೋ ಇಚ್ಛೆ ಕುಣಿದು, ಕೊನೆಗೆ ಧೊಪ್ಪನೆ ಬಿದ್ದು, ನಗುತ್ತ ಎದ್ದರು. ಹೊರಗೆ ಹೋಗಿ ಮುಂದಿನ ಸಾಲಿನಲ್ಲಿ ಕೂತು, ಸಾಹೇಬರ ಭಾಷಣಕ್ಕೆ ಚಪ್ಪಾಳೆ ತಟ್ಟಿದರು.